ಮೂಗಿನ ಕಾಸ್ಮೆಟಿಕ್ ಸರ್ಜರಿ: ಆಮೇಲೆ ಏನನ್ನು ಗಮನಿಸಬೇಕು?

ಮಡಿಕೇರಿಯಲ್ಲಿ ನರ್ಸಿಂಗ್ ಓದುತ್ತಿರುವ ನಮ್ಮ ಬ್ಯಾಚಿನವರಿಗಾಗಿ ಈ ಟಿಪ್ಪಣಿ. ರೈನೋಪ್ಲಾಸ್ಟಿಯ (ಅಂದರೆ ಮೂಗಿನ ಆಕಾರ ತಿದ್ದುವ ಈ ಸರ್ಜರಿಯ) ಅಡ್ಡಪರಿಣಾಮಗಳ ಪಟ್ಟಿ ಉದ್ದ ಇದೆ, ಆದರೆ ಎಲ್ಲವೂ ಒಂದೇ ತೂಕದ್ದಲ್ಲ.

ಕಣ್ಣಿನ ಸುತ್ತ ನೀಲಿಗಟ್ಟುವುದು, ಊತ, ಮೂಗು ಕಟ್ಟುವುದು, ತುದಿ ಮರಗಟ್ಟಿದ ಹಾಗಾಗುವುದು, ಇವೆಲ್ಲ ಮಾಮೂಲಿ. ನೀಲಿ ಬಣ್ಣ ಒಂದೆರಡು ವಾರದಲ್ಲಿ ಹೋಗುತ್ತದೆ. ತುದಿಯ ಊತ ಪೂರ್ತಿ ಇಳಿಯೋಕೆ ಮಾತ್ರ ಒಂದು ವರ್ಷವೂ ಹಿಡಿಯಬಹುದು. ಮದುವೆಗೆ ತಿಂಗಳಿರುವಾಗ ಮಾಡಿಸಿಕೊಳ್ಳಲು ಹೊರಟವರಿಗೆ ಇದನ್ನು ಮೊದಲೇ ಹೇಳಬೇಕು, ಅಲ್ವಾ?

ನಾವು ಚೆನ್ನಾಗಿ ಓದಿಕೊಳ್ಳಬೇಕಾದದ್ದು ಸೆಪ್ಟಲ್ ಹೆಮಟೋಮ, ಅಂದರೆ ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟಿಕೊಳ್ಳುವುದು. ಎರಡು ಹೊಳ್ಳೆಗಳ ನಡುಗೋಡೆಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ಪೊರೆಗೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಂಡರೆ ಪೋಷಣೆ ನಿಂತುಹೋಗುತ್ತದೆ, ಕೀವು ಕಟ್ಟಬಹುದು, ಎರಡು ಮೂರು ದಿನದಲ್ಲೇ ಮೃದ್ವಸ್ಥಿ ಸತ್ತು ಮೂಗಿನ ಬೆನ್ನು ಕುದುರೆಯ ಜೀನಿನ ಹಾಗೆ ತಗ್ಗಾಗಬಹುದು. ಮಾಮೂಲಿ ಕಟ್ಟಿದ ಮೂಗು ದಿನ ಕಳೆದಂತೆ ಸಡಿಲವಾಗುತ್ತದೆ. ಇದು ಬಿಗಿಯಾಗುತ್ತಾ ಹೋಗುತ್ತದೆ, ನೋವು ಜಾಸ್ತಿಯಾಗುತ್ತದೆ, ಕೀವಾದರೆ ಜ್ವರವೂ ಬರುತ್ತದೆ. ಒಳಗೆ ಪ್ಯಾಕ್ (ರಕ್ತ ನಿಲ್ಲಿಸಲು ಮೂಗಿಗೆ ತುರುಕಿದ ಬಟ್ಟೆ) ಇಲ್ಲದಿದ್ದರೆ ಟಾರ್ಚ್ ಬೆಳಕಲ್ಲಿ ನಡುಗೋಡೆ ಉಬ್ಬಿರುವುದು ಕಾಣುತ್ತದೆ. ಡಾಕ್ಟರ್ ಹತ್ತಿಕಡ್ಡಿಯಿಂದ ಒತ್ತಿದರೆ ಮೆತ್ತಗಿರುತ್ತದೆ. ಆ ರಕ್ತವನ್ನು ಕೂಡಲೇ ತೆಗೆಯಬೇಕು.

ಈ ಸರ್ಜರಿಗೆ ನಮ್ಮ ಕಡೆಯವರು ಮೈಸೂರಿಗೋ ಮಂಗಳೂರಿಗೋ ಹೋಗಿ ಬರುತ್ತಾರೆ. ಮೈಸೂರು ಇಲ್ಲಿಂದ ಸುಮಾರು 120 ಕಿ.ಮೀ. ಜೋರು ಮಳೆಯಲ್ಲಿ ಮಂಗಳೂರು ದಾರಿಯ ಸಂಪಾಜೆ ಘಾಟಿ ದಾಟುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಹಾಗಾಗಿ ಹೆಮಟೋಮದ ಲಕ್ಷಣ ಕಂಡವರನ್ನು 'ಆಪರೇಷನ್ ಮಾಡಿದ ಡಾಕ್ಟರನ್ನೇ ನೋಡ್ತೀನಿ, ನಾಡಿದ್ದು ಹೋದರಾಯ್ತು' ಅಂತ ಕಾಯಲು ಬಿಡಬೇಡಿ. ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಆಗಲೇ ಕಳಿಸಿ.

ವಾರ್ಡಿನಲ್ಲಿ ಇನ್ನೊಂದು ಗಮನಿಸಿ. ಮೂಗಿನ ಕೆಳಗಿನ ಗಾಜ್ (ರಕ್ತ ಹೀರಲು ಇಟ್ಟ ಬಟ್ಟೆ) ಒಣಗಿದ್ದರೂ ರೋಗಿ ಪದೇ ಪದೇ ಉಗುಳು ನುಂಗುತ್ತಿದ್ದರೆ ರಕ್ತ ಹಿಂದಿನಿಂದ ಗಂಟಲಿಗೆ ಇಳಿಯುತ್ತಿರಬಹುದು. ಸುಮ್ನೆ ಗಾಜ್ ನೋಡಿ ಬರಬೇಡಿ, ಬಾಯಿ ತೆಗೆಸಿ ಗಂಟಲಿನ ಹಿಂಭಾಗಕ್ಕೆ ಟಾರ್ಚ್ ಹಾಕಿ.

ಮನೆಗೆ ಹೋಗುವಾಗ: ತಲೆ ಎತ್ತರಿಸಿ ಮಲಗಬೇಕು, ಮೂಗು ಸೀಟಬಾರದು. ಮಳೆಗಾಲದ ಚಳಿಗೆ ಸೀನು ತಪ್ಪಲ್ಲ, ಬಾಯಿ ತೆರೆದು ಸೀನಲಿ. ಕನ್ನಡಕದ ಭಾರ ಕೆಲವು ವಾರ ಮೂಗಿನ ಮೇಲೆ ಬೀಳಬಾರದು. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸುತ್ತವೆ, ಡಾಕ್ಟರನ್ನು ಕೇಳದೆ ನುಂಗಬಾರದು.

ಸರ್ಜರಿ ಬೇಡ, ಫಿಲ್ಲರ್ ಇಂಜೆಕ್ಷನ್ (ಮೂಗಿನ ಆಕಾರ ತಿದ್ದಲು ಚರ್ಮದಡಿ ಚುಚ್ಚುವ ಜೆಲ್) ಸಾಕು ಅನ್ನುವವರೂ ಇದ್ದಾರೆ. ಅದು ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು. ಚುಚ್ಚಿದ ಕೂಡಲೇ ಚರ್ಮ ಬಿಳಿಚಿಕೊಂಡರೆ ಅಥವಾ ನೋಟ ಮಂಜಾದರೆ ಅದು ತುರ್ತು ಪರಿಸ್ಥಿತಿ.