ಅತ್ತೆ ಕೇಳಿದ್ದು ದಿನದ ಲೆಕ್ಕ, ರಿಪೋರ್ಟಲ್ಲಿದ್ದದ್ದು ಬೇರೆ

ಬದಿಯಡ್ಕದ ನಮ್ಮ ಮಾವನಿಗೆ ಹೊಟ್ಟೆ ಕ್ಯಾನ್ಸರ್ ಅಂತ ಗೊತ್ತಾದಾಗ ಮಂಗಳೂರಿಂದ ತಂದ ಬಯಾಪ್ಸಿ ರಿಪೋರ್ಟನ್ನ ಅತ್ತೆ ನನ್ನ ಕೈಗೆ ಕೊಟ್ಟು, ಇನ್ನೆಷ್ಟು ಸಮಯ ಉಂಟು ಅಂತ ಇದ್ರಲ್ಲಿ ಬರ್ದಿದ್ಯಾ ನೋಡು ಅಂದ್ರು. ಕೊನೇಲಿ ನಾಲ್ಕು ಹೆಸ್ರು ಇತ್ತು, ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಮೊದ್ಲಿನ ಎರಡರ ಎದುರು 'ಲಾಸ್' ಅಂತ, ಅಂದ್ರೆ ಗಡ್ಡೆಯ ಕೋಶದಲ್ಲಿ ಆ ಪ್ರೋಟೀನ್ ಕಾಣ್ಲಿಲ್ಲ ಅಂತ.

ಜೀವಕೋಶ ಒಂದು ಎರಡಾಗುವಾಗ ಡಿಎನ್‌ಎ ಕಾಪಿ ಆಗ್ಬೇಕು, ಆವಾಗ ಅಕ್ಷರ ತಪ್ಪುವುದು ಇದ್ದದ್ದೇ, ಈ ನಾಲ್ಕು ಪ್ರೋಟೀನ್ ಜೋಡಿ ಜೋಡಿಯಾಗಿ ಆ ತಪ್ಪನ್ನ ತಿದ್ತವೆ. ಎಂಎಲ್‌ಎಚ್1 ಹೋದ್ರೆ ಜೊತೆಗಾರ ಪಿಎಂಎಸ್2 ಕೂಡ ಉಳಿಯುವುದಿಲ್ಲ. ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಪ್ರೋಟೀನ್ ಇರುವ ಕೋಶದ ನಡುವೆ ಕಂದು, ಇಲ್ಲದ ಕಡೆ ಬರೀ ನೀಲಿ. ಹೊಟ್ಟೆ ಕ್ಯಾನ್ಸರಲ್ಲಿ ಹೆಚ್ಚಾಗಿ ಎಂಎಲ್‌ಎಚ್1 ಮಾಡುವ ಜೀನ್ ಮುರಿದಿರುವುದಿಲ್ಲ, ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುಂಪು ಅಂಟಿ ಅದ್ರ ಬಾಯಿ ಮುಚ್ಚಿರ್ತದೆ ಅಷ್ಟೆ.

ತಿದ್ದುವವರಿಲ್ಲದೆ ತಪ್ಪು ರಾಶಿ ಬೀಳ್ತದೆ, ಇದಕ್ಕೆ ಎಂಎಸ್‌ಐ (ಮೈಕ್ರೋಸ್ಯಾಟಲೈಟ್ ಇನ್‌ಸ್ಟೆಬಿಲಿಟಿ) ಅಂತಾರೆ. ಕೆಟ್ಟದ್ದು ಅಂತ ಕಾಣ್ತದೆ ಅಲ್ವಾ, ಆದ್ರೆ ಅಷ್ಟು ತಪ್ಪಿರುವ ಕೋಶ ನಮ್ಮ ರೋಗನಿರೋಧಕ ಕೋಶಗಳ ಕಣ್ಣಿಗೆ ಪರಕೀಯನ ಹಾಗೆ ಬೇಗ ಬೀಳ್ತದೆ. 2014ರಲ್ಲಿ 295 ಹೊಟ್ಟೆ ಕ್ಯಾನ್ಸರ್ ಗಡ್ಡೆಗಳ ಜೀನ್ ಓದಿದಾಗ ಸುಮಾರು 22% ಇದೇ ಜಾತಿಯವು. 2015ರ ಇನ್ನೊಂದು ಅಧ್ಯಯನದಲ್ಲಿ ಹೆಚ್ಚು ಕಾಲ ಬದುಕಿದ್ದೂ ಈ ಗುಂಪಿನವ್ರೇ. ಸ್ಟೇಜ್ ಎಷ್ಟು ಅನ್ನುವುದು ಮಾತ್ರ ಇದೆಲ್ಲಕ್ಕಿಂತ ಮೊದ್ಲು ನೋಡ್ಬೇಕಾದ್ದು, ಅದನ್ನ ಯಾವ ಜೀನೂ ಬದ್ಲಿಸುವುದಿಲ್ಲ.

ನನಗೆ ಮುಖ್ಯ ಅನ್ಸಿದ್ದು, ಇಂಥ ಗುರುತು ಆಯಸ್ಸಿನ ಲೆಕ್ಕಕ್ಕಿಂತ ಹೆಚ್ಚು ಮದ್ದಿನ ದಾರಿ ತೋರಿಸ್ತದೆ. ಬರೀ ಆಪರೇಷನ್ನನ್ನ ಆಪರೇಷನ್ ಜೊತೆ ಕೀಮೋಗೆ ಹೋಲಿಸಿದ ಬ್ರಿಟನ್ನಿನ ಮ್ಯಾಜಿಕ್ ಟ್ರಯಲ್‌ನ ಗಡ್ಡೆಗಳನ್ನ 2017ರಲ್ಲಿ ಮತ್ತೆ ನೋಡಿದಾಗ ಎಂಎಸ್‌ಐ ಇದ್ದವ್ರಲ್ಲಿ ಬರೀ ಆಪರೇಷನ್ ಆದವ್ರೇ ಕೀಮೋನೂ ತಗೊಂಡವ್ರಿಗಿಂತ ಚೆನ್ನಾಗಿದ್ರು, ಜನ ತುಂಬಾ ಕಮ್ಮಿ ಹಾಗಾಗಿ ಇದನ್ನೇ ಹಿಡ್ಕೊಂಡು ಯಾರೂ ಕೀಮೋ ಬಿಡ್ಬಾರ್ದು. ಹರ್2 ಅಂತ ಇನ್ನೊಂದು ಗುರುತು, ಕೋಶದ ಮೇಲಿರುವ ಒಂದು ಪ್ರೋಟೀನ್, ಅದು ಪಾಸಿಟಿವ್ (ಅಂದ್ರೆ ಜಾಸ್ತಿ) ಇದ್ದು ರೋಗ ಹರಡಿದವ್ರಿಗೆ ಕೀಮೋ ಜೊತೆ ಹರ್2ನ್ನೇ ತಡೆಯುವ ಟ್ರಾಸ್ಟುಜುಮ್ಯಾಬ್ ಮದ್ದು ಕೊಟ್ಟಾಗ ಮಧ್ಯಾಂಕ ಬದುಕು 11.1 ತಿಂಗಳಿಂದ 13.8ಕ್ಕೆ ಏರಿತು, 2010ರ ಫಲಿತಾಂಶ ಇದು. ಮಧ್ಯಾಂಕ ಅಂದ್ರೆ ಅರ್ಧ ಜನ ಅದಕ್ಕಿಂತ ಹೆಚ್ಚೇ ಬದುಕಿದ್ದಾರೆ ಅಂತ, ಅತ್ತೆಗೆ ನಾನು ಎರಡೆರಡು ಸಲ ಹೇಳಿದ್ದು ಇದನ್ನೇ.

ನಿಮ್ಮ ಮನೆಯವ್ರ ರಿಪೋರ್ಟಲ್ಲಿ ಈ ಸಾಲುಗಳು ಇಲ್ಲದಿದ್ರೆ ಕೀಮೋ ಶುರು ಆಗುವ ಮೊದ್ಲೇ ಡಾಕ್ಟ್ರ ಹತ್ರ ಕೇಳಿ. ಬಯಾಪ್ಸಿ ತುಂಡನ್ನ ಮೇಣದಲ್ಲಿ ಇಟ್ಟಿರ್ತಾರೆ, ಹೆಚ್ಚಾಗಿ ಅದ್ರಿಂದಲೇ ಟೆಸ್ಟ್ ಮಾಡ್ಲಿಕ್ಕೆ ಆಗ್ತದೆ, ಪುನಃ ಹೊಟ್ಟೆಗೆ ಟ್ಯೂಬ್ ಹಾಕ್ಬೇಕಾಗುವುದಿಲ್ಲ.