ದಿನಕ್ಕೊಂದು ಬದು

ಕಡಲತಳದ ಸೋನಾರ್ ನಕ್ಷೆ (ಸದ್ದಿನ ಪ್ರತಿಧ್ವನಿಯಿಂದ ಬರೆದದ್ದು) ಮುಂದಿದ್ದಾಗ ನಾನು ಮೊದಲು ಹುಡುಕುವುದು ದೊಡ್ಡ ದಿಬ್ಬಗಳನ್ನು. ಹಿಮನದಿಯ ಅಂಚು ಒಂದೇ ಕಡೆ ಬಹುಕಾಲ ನಿಂತರೆ ಅದು ಹೊತ್ತು ತಂದ ಕೆಸರು, ಕಲ್ಲು ಅಲ್ಲೇ ರಾಶಿ ಬೀಳುತ್ತದೆ. ಹತ್ತಾರು ಮೀಟರ್ ಎತ್ತರದ ರಾಶಿ ಸಿಕ್ಕಿತೆಂದರೆ ಮಂಜು ಅಲ್ಲಿ ಬೀಡುಬಿಟ್ಟಿತ್ತು ಎಂದು ಧೈರ್ಯವಾಗಿ ಹೇಳಬಹುದು. ಇದು ಸುಲಭದ ಓದು.

ಕಷ್ಟದ್ದು, ಭಯ ಹುಟ್ಟಿಸುವುದು, ಮೊಣಕಾಲಿನಾಚೆಗೆ ಏರದ ಸಣ್ಣ ಬದುಗಳು. 2019ರಲ್ಲಿ ಪಶ್ಚಿಮ ಅಂಟಾರ್ಕ್ಟಿಕದ ಥ್ವೇಟ್ಸ್ ಹಿಮನದಿಯ ಮುಂದೆ ‘ರಾನ್’ ಎಂಬ ರೋಬಾಟ್ ಸುಮಾರು 700 ಮೀಟರ್ ಆಳದಲ್ಲಿ ತಳದ ಚಿತ್ರ ತೆಗೆಯಿತು. ಉತ್ತ ಹೊಲದಂತೆ 160ಕ್ಕೂ ಹೆಚ್ಚು ಬದುಗಳು ಸಾಲಾಗಿ ಬಿದ್ದಿದ್ದವು.

ಹಿಮನದಿ ನೆಲ ಬಿಟ್ಟು ತೇಲತೊಡಗುವ ಗೆರೆಯೊಂದಿದೆ, ನಾನು ಅಂಚು ಎನ್ನುವುದು ಅದನ್ನೇ. ಉಬ್ಬರದಲ್ಲಿ ಅಲ್ಲಿನ ಮಂಜು ಮೇಲೇಳುತ್ತದೆ, ಇಳಿತದಲ್ಲಿ ಕೂತು ಕೆಸರನ್ನು ಹಿಂಡಿ ಬದು ಕಟ್ಟುತ್ತದೆ. ಮರುದಿನದ ಹೊತ್ತಿಗೆ ಅಂಚು ಕೆಲವು ಮೀಟರ್ ಹಿಂದೆ ಸರಿದಿದ್ದರೆ ಅಲ್ಲೊಂದು ಹೊಸ ಬದು. (ನಮ್ಮ ಕರಾವಳಿಯಲ್ಲಿ ದಿನಕ್ಕೆರಡು ಉಬ್ಬರ, ಥ್ವೇಟ್ಸ್ ಮುಂದೆ ಮುಖ್ಯವಾಗಿ ಒಂದೇ.) ಬದುಗಳ ಎತ್ತರ ಸುಮಾರು ಎರಡು ವಾರಕ್ಕೊಮ್ಮೆ ಏರಿಳಿಯುವುದೂ ಉಬ್ಬರದ ಬಲಕ್ಕೆ ತಾಳೆಯಾಗುತ್ತದೆ. ಹಾಗಾಗಿ ಬದು ಎಣಿಸಿದರೆ ದಿನ ಎಣಿಸಿದಂತೆ.

ಲೆಕ್ಕ ಹೀಗೆ ಬಂತು: ಕಳೆದ ಇನ್ನೂರು ವರ್ಷಗಳಲ್ಲಿ ಯಾವಾಗಲೋ ಐದಾರು ತಿಂಗಳ ಕಾಲ ಅಂಚು ವರ್ಷಕ್ಕೆ 2.1 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಹಿಂದೆ ಓಡಿತ್ತು. 2011ರಿಂದ 2019ರವರೆಗೆ ಉಪಗ್ರಹಗಳು ಇದೇ ಹಿಮನದಿಯ ಅತಿವೇಗದ ಭಾಗದಲ್ಲಿ ಕಂಡದ್ದರ ಎರಡು ಪಟ್ಟು. ಉಪಗ್ರಹದ ದಾಖಲೆ ಕೆಲವೇ ದಶಕಗಳದ್ದು. ಅದರ ಸರಾಸರಿಯನ್ನೇ ಹಿಮನದಿಯ ಸ್ವಭಾವ ಎಂದುಕೊಂಡದ್ದು ಹಿಮನದಿ ಓದುವ ನಮ್ಮವರ ತಪ್ಪು.

ನಾರ್ವೆಯ ಕಡಲತಳ ಇನ್ನೂ ಕಟುವಾಗಿ ಹೇಳುತ್ತದೆ. ಅಲ್ಲಿನ 7,600ಕ್ಕೂ ಹೆಚ್ಚು ಬದುಗಳನ್ನು ಅಳೆದ 2023ರ ಅಧ್ಯಯನದ ಪ್ರಕಾರ, ಕಳೆದ ಹಿಮಯುಗದ ಕೊನೆಯಲ್ಲಿ ಮಂಜಿನ ಅಂಚು ದಿನಕ್ಕೆ 50ರಿಂದ 600 ಮೀಟರ್ ಹಿಂದೆಗೆದಿತ್ತು. ವರ್ಷಕ್ಕಲ್ಲ, ದಿನಕ್ಕೆ! ಆ ಓಟ ದಿನಗಳಿಂದ ಹಿಡಿದು ತಿಂಗಳುಗಳವರೆಗಷ್ಟೇ ನಡೆದದ್ದು, ಅದೂ ತಳ ಬಹುತೇಕ ಸಮತಟ್ಟಾಗಿದ್ದ ಕಡೆ. ಕಾರಣ ಸರಳ. ಚಪ್ಪಟೆ ಮರಳಲ್ಲಿ ಕೂತ ದೋಣಿ ನೀರು ಚೂರು ಏರಿದರೂ ಒಮ್ಮೆಗೇ ತೇಲುತ್ತದೆ. ಮಂಜು ಚೂರು ತೆಳುವಾದರೂ ಹಾಗೆಯೇ. ಇಳಿಜಾರಿನಲ್ಲಾದರೆ ಅಂಗುಲ ಅಂಗುಲವಾಗಿ ಬಿಡಬೇಕು.

ಥ್ವೇಟ್ಸ್‌ನ ಇಂದಿನ ಅಂಚಿನಿಂದ ಕೆಲವೇ ಕಿ.ಮೀ. ಒಳಗೆ ಅಂಥದ್ದೇ ಒಂದು ಸಮತಟ್ಟು ನೆಲವಿದೆ.