ಹಳೆ ಕಾರ್ಬನ್ ಬೈಕಿಗೆ ಬೆಟ್ಟದ ಗೇರ್: ಕೆಪಾಸಿಟಿ ಲೆಕ್ಕ ನನಗೆ ಅರ್ಥ ಆದ ಹಾಗೆ

ನಂದಿ ಬೆಟ್ಟ ಹತ್ತೋಕೆ ಅಂತ ಕಡಿಮೆ ದುಡ್ಡಲ್ಲಿ ಒಂದು ಕಾರ್ಬನ್ ರೋಡ್ ಬೈಕ್ ತಗೊಂಡು, ಅದಕ್ಕೆ ಮೊದಲು ಏನು ಬದಲಾಯಿಸ್ಬೇಕು ಅಂತ ತಲೆ ಕೆಡಿಸ್ಕೊಂಡಿರೋರಿಗೆ ಈ ಟಿಪ್ಪಣಿ. ನನ್ನದು ಸೆಕೆಂಡ್ ಹ್ಯಾಂಡು, ರಿಮ್ ಬ್ರೇಕು (ಚಕ್ರದ ಅಂಚನ್ನೇ ಹಿಡಿಯೋದು), ಶಿಮಾನೊ ಕಂಪನಿಯ 105 ಆರ್7000 ಗೇರ್ ಸೆಟ್, 11 ಸ್ಪೀಡು, ಮುಂದೆ 50/34 (ಪೆಡಲ್ ಹತ್ತಿರದ ಎರಡು ರಿಂಗಿನ ಹಲ್ಲುಗಳು), ಹಿಂದೆ 11-28 ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಗಾಲಿಗಳ ಗೊಂಚಲು, ಅತಿ ಚಿಕ್ಕದಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 28). ಕೆಪಾಸಿಟಿ, ಅಂದ್ರೆ ಗೇರ್ ಬದಲಾದಾಗ ಸಡಿಲ ಆಗೋ ಚೈನನ್ನ ಹಿಂದಿನ ಗೇರ್ ಸಾಧನ ಎಷ್ಟರವರೆಗೆ ಎಳ್ಕೊಳತ್ತೆ ಅನ್ನೋ ವಿಷಯ ತಲೆಗೆ ಹೋಗೋಕೆ ತುಂಬಾ ಟೈಮ್ ಹಿಡೀತು, ಈಗ ಅರ್ಥ ಆಗಿದೆ, ಮರೆತು ಹೋಗೋ ಮುಂಚೆ ಬರೆದಿಡ್ತಿದೀನಿ. ಅದಕ್ಕೆ ಆ ಭಾಗ ಉದ್ದ ಇದೆ, ಮಿಕ್ಕಿದ್ದು ಚಿಕ್ಕದು.

ರಿಮ್ ಬ್ರೇಕ್ ಯಾಕೆ ಅಂದ್ರೆ

ಕಡಿಮೆ ಬೆಲೆಗೆ ಒಳ್ಳೆ ಫ್ರೇಮ್ ಸಿಗೋದು ಅಲ್ಲೇ. 2018ರ ಜುಲೈಯಿಂದ ರೋಡ್ ರೇಸ್‌ಗಳಲ್ಲಿ ಡಿಸ್ಕ್ ಬ್ರೇಕಿಗೆ ಸೈಕ್ಲಿಂಗಿನ ಅಂತಾರಾಷ್ಟ್ರೀಯ ಸಂಸ್ಥೆ ಯುಸಿಐ ಪೂರ್ತಿ ಒಪ್ಪಿಗೆ ಕೊಡ್ತು, ಆಮೇಲೆ ಕಂಪನಿಗಳೆಲ್ಲ ಡಿಸ್ಕ್ ಕಡೆ ತಿರುಗಿದ್ವು, ಹಳೆ ರಿಮ್ ಬ್ರೇಕ್ ಬೈಕುಗಳ ರೇಟು ಬಿತ್ತು. ಬೈಕ್ ಕೆಟ್ಟದಾಯ್ತು ಅಂತ ಅಲ್ಲ, 2019ರಲ್ಲಿ ಎಗಾನ್ ಬರ್ನಾಲ್ ಟೂರ್ ದ ಫ್ರಾನ್ಸ್ ಗೆದ್ದಿದ್ದು ರಿಮ್ ಬ್ರೇಕ್ ಬೈಕಲ್ಲೇ. ತಗೊಳ್ಳೋವಾಗ ನೋಡ್ಬೇಕಾದ ಜಾಗ: ಬಾಟಮ್ ಬ್ರಾಕೆಟ್ (ಪೆಡಲಿನ ಅಕ್ಷ ಕೂರೋ ಜಾಗ) ಸುತ್ತ, ಹೆಡ್ ಟ್ಯೂಬ್ (ಫ್ರೇಮಿನ ಮುಂದಿನ ಟ್ಯೂಬ್) ಕೆಳಗೆ, ಚೈನ್ ಸ್ಟೇ (ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗೋ ಟ್ಯೂಬ್), ಸೀಟ್ ಪೋಸ್ಟ್ ಕ್ಲಾಂಪ್ ಕೂರೋ ಜಾಗ, ಹ್ಯಾಂಡಲ್ ಹಿಡಿದಿರೋ ಸ್ಟೆಮ್ ಬಿಚ್ಚಿ ಅದರ ಒಳಗಿನ ಸ್ಟೀರರ್ ಪೈಪು. ನಾಣ್ಯದಲ್ಲಿ ತಟ್ತಾ ಹೋಗಿ, ಒಂದೇ ಟ್ಯೂಬಲ್ಲಿ ಟಣ್ ಅಂತಿದ್ದ ಶಬ್ದ ಒಂದು ಕಡೆ ಇದ್ದಕ್ಕಿದ್ದ ಹಾಗೆ ಮಂಕಾದ್ರೆ ಅಲ್ಲಿ ಪೇಂಟ್ ಕೆಳಗೆ ಏನಿದೆ ಅಂತ ಕೇಳಿ. ವೀಲ್ ರಿಮ್ ಮೇಲೂ ಬೆರಳಾಡಿಸಿ, ಬ್ರೇಕ್ ಹಿಡಿಯೋ ಪಟ್ಟಿ ಒಳಕ್ಕೆ ಬಾಗಿದ್ರೆ ರಿಮ್ ಸವೆದಿದೆ, ವೀಲ್ ಖರ್ಚೂ ಸೇರಿಸ್ಕೊಂಡು ಬೆಲೆ ಮಾತಾಡಿ.

ತೂಕ ಇಳಿಸೋದಾ, ಗೇರ್ ಬದಲಾಯಿಸೋದಾ

ಕಾರ್ಬನ್ ಬೈಕ್ ಬಂದ ತಕ್ಷಣ ಎಲ್ಲರಿಗೂ ಗ್ರಾಮ್ ಹುಚ್ಚು ಹಿಡಿಯತ್ತೆ. ಲೆಕ್ಕ ಮಾಡಿ ನೋಡೋಣ. ಸವಾರ, ಬೈಕು, ನೀರಿನ ಬಾಟಲಿ ಎಲ್ಲಾ ಸೇರಿ 80 ಕೆಜಿ, ಏರು 6%, ವೇಗ ಗಂಟೆಗೆ 9.4 ಕಿಮೀ ಅಂತ ಇಟ್ಕೊಳ್ಳಿ. ಬರೀ ಗುರುತ್ವಾಕರ್ಷಣೆ ವಿರುದ್ಧ ಬೇಕಾಗೋದು ಸುಮಾರು 123 ವಾಟ್. 1 ಕೆಜಿ ಇಳಿಸಿದ್ರೆ ಉಳಿಯೋದು ಒಂದೂವರೆ ವಾಟ್, 35 ನಿಮಿಷದ ಏರಲ್ಲಿ ಸುಮಾರು 26 ಸೆಕೆಂಡ್. ಬೈಕಿಂದ 1 ಕೆಜಿ ತೆಗೆಯೋಕೆ ಆಗೋ ಖರ್ಚು ಕೇಳಿ ನೋಡಿ. ವೀಲಿನ ತೂಕ ಡಬಲ್ ಲೆಕ್ಕ ಅಂತಾರಲ್ಲ, ಅದು ವೇಗ ಹೆಚ್ಚಿಸೋವಾಗ ಮಾತ್ರ, ಒಂದೇ ವೇಗದಲ್ಲಿ ಬೆಟ್ಟ ಹತ್ತೋವಾಗ ವೀಲಿನ ಗ್ರಾಮೂ ಬಾಟಲಿಯ ಗ್ರಾಮೂ ಒಂದೇ.

ಈಗ ಗೇರ್ ಕಡೆ ಬನ್ನಿ. 700x25 ಟೈರಿನ ಒಂದು ಸುತ್ತು ಸುಮಾರು 2.105 ಮೀಟರ್. ಅದೇ 9.4 ಕಿಮೀ ವೇಗದಲ್ಲಿ ಮುಂದೆ 34 ಇಟ್ಕೊಂಡ್ರೆ, ಹಿಂದೆ 28 ಹಲ್ಲಿದ್ದಾಗ ಒಂದು ನಿಮಿಷಕ್ಕೆ 61 ಸುತ್ತು ಪೆಡಲ್ ತುಳೀಬೇಕು, 30 ಇದ್ರೆ 66, 32 ಇದ್ರೆ 70, 34 ಇದ್ರೆ 74. ವಾಟ್ ಅಷ್ಟೇ, ವೇಗ ಅಷ್ಟೇ, ಆದ್ರೆ 61ರಲ್ಲಿ ಪ್ರತಿ ತುಳಿತಕ್ಕೂ ಮಂಡಿ ಮೇಲೆ ಬೀಳೋ ಒತ್ತಡ 74ರಲ್ಲಿ ಬೀಳೋದಕ್ಕಿಂತ 20% ಜಾಸ್ತಿ. ನಂದಿ ಬುಡದಿಂದ ಮೇಲಕ್ಕೆ 7-8 ಕಿಮೀ ಸತತ ಏರು, ತಿರುವುಗಳಲ್ಲಿ ಏರು ಇನ್ನೂ ಕಡಿದಾದಾಗ 61 ಇದ್ದಿದ್ದು 50ಕ್ಕೆ ಇಳಿಯತ್ತೆ, ಮಾರನೇ ದಿನ ಮೆಟ್ಟಿಲು ಇಳಿಯೋವಾಗ ಮಂಡಿ ಅದನ್ನ ನೆನಪಿಸತ್ತೆ. ಆದ್ದರಿಂದ ನನ್ನ ಮಟ್ಟಿಗೆ ಮೊದಲ ದುಡ್ಡು ಕ್ಯಾಸೆಟ್ಟಿಗೇ ಹೋಗ್ಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಬಯಲಲ್ಲಿ ರೇಸ್ ಓಡಿಸೋರಿಗೆ ಈ ಮಾತು ಅನ್ವಯ ಆಗಲ್ಲ, ಅಲ್ಲಿ 11-28ರ ಹತ್ತಿರ ಹತ್ತಿರದ ಗೇರುಗಳೇ ಸರಿ.

ಕೆಪಾಸಿಟಿ: ಎರಡು ಮಿತಿ, ಒಂದಲ್ಲ

ಚೈನನ್ನ ಕ್ಯಾಸೆಟ್ ಮೇಲೆ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಹಿಂದಿನ ಡಿರೇಲರ್, ಅಂದ್ರೆ ಆರ್‌ಡಿ, ಆರ್7000ದಲ್ಲಿ ಎರಡು ಥರ ಬರತ್ತೆ. ಅದರ ಕೇಜು ಅಂದ್ರೆ ಚೈನು ಹಾದುಹೋಗೋ ಎರಡು ಚಿಕ್ಕ ಚಕ್ರ ಹಿಡಿದಿರೋ ತೋಳು. ಎಸ್‌ಎಸ್ ಅಂದ್ರೆ ಕೇಜು ಗಿಡ್ಡ, ಜಿಎಸ್ ಅಂದ್ರೆ ಕೇಜು ಉದ್ದ. ಸ್ಪೆಕ್ ಹೀಗಿದೆ: ಎಸ್‌ಎಸ್‌ಗೆ ದೊಡ್ಡ ಹಲ್ಲಿನ ಮಿತಿ (ಕ್ಯಾಸೆಟ್ಟಿನ ಅತಿ ದೊಡ್ಡ ಗಾಲಿಗೆ ಹೆಚ್ಚಂದ್ರೆ ಎಷ್ಟು ಹಲ್ಲು ಅಂತ) 30, ಕೆಪಾಸಿಟಿ 35. ಜಿಎಸ್‌ಗೆ ಮಿತಿ 34, ಕೆಪಾಸಿಟಿ 39. ನಿಮ್ಮದು ಯಾವುದು ಅಂತ ಕೇಜಿನ ಒಳಗಡೆ ಅಚ್ಚಾಗಿರತ್ತೆ.

ಇಲ್ಲೇ ನಾನು ಬಹಳ ದಿನ ಸಿಕ್ಕಾಕೊಂಡಿದ್ದು. 30 ಅಂತ ಒಂದು ನಂಬರು, 35 ಅಂತ ಇನ್ನೊಂದು ನಂಬರು, ಎರಡೂ ಹಲ್ಲೇ, ಹಾಗಿದ್ರೆ ಯಾವುದು ನನ್ನನ್ನ ತಡೀತಿದೆ? ಇವೆರಡಕ್ಕೂ ಸಂಬಂಧನೇ ಇಲ್ಲ ಅಂತ ಮೊದಲು ತಿಳ್ಕೊಳ್ಳಿ. 30 ಅನ್ನೋದು ಜಾಗದ ಪ್ರಶ್ನೆ. ಆರ್‌ಡಿಯ ಮೇಲಿನ ಚಿಕ್ಕ ಚಕ್ರ ಕ್ಯಾಸೆಟ್ಟಿನ ಅತಿ ದೊಡ್ಡ ಹಲ್ಲಿಗೆ ತಾಗದೆ ಇರಬೇಕಲ್ಲ, ಆ ಜಾಗ. ಬಿ-ಸ್ಕ್ರೂ (ಈ ಜಾಗ ಹೊಂದಿಸೋ ಸ್ಕ್ರೂ) ಬಿಗಿ ಮಾಡಿದ್ರೆ ಆ ಚಕ್ರ ಸ್ವಲ್ಪ ಕೆಳಗೆ ಹೋಗತ್ತೆ, ಹಾಗಾಗಿ ಎಸ್‌ಎಸ್‌ನಲ್ಲೇ 32 ಹಾಕಿ ಓಡಿಸೋರು ಇದಾರೆ, ಅದು ಹ್ಯಾಂಗರ್ (ಆರ್‌ಡಿನ ಫ್ರೇಮಿಗೆ ಹಿಡಿದಿಡೋ ತುಂಡು) ಉದ್ದದ ಮೇಲೂ ನಿಂತಿದೆ.

35 ಅನ್ನೋದು ಚೈನಿನ ಪ್ರಶ್ನೆ. ಸೂತ್ರ ಎಲ್ಲರಿಗೂ ಗೊತ್ತು: ಮುಂದಿನ ಎರಡು ರಿಂಗಿನ ವ್ಯತ್ಯಾಸ, ಅದಕ್ಕೆ ಹಿಂದಿನ ದೊಡ್ಡ ಚಿಕ್ಕ ಹಲ್ಲಿನ ವ್ಯತ್ಯಾಸ ಕೂಡಿಸಿ. 50/34 ಜೊತೆ 11-28 ಆದ್ರೆ 16 + 17 = 33. 11-30 ಆದ್ರೆ 35. 11-32 ಆದ್ರೆ 37. 11-34 ಆದ್ರೆ 39. ಸರಿ, ಆದ್ರೆ ಮುಂದಿನದೂ ಹಿಂದಿನದೂ ಯಾಕೆ ಕೂಡಿಸ್ಬೇಕು? ಎರಡೂ ಬೇರೆ ಬೇರೆ ಕಡೆ ಇರೋ ಸಾಮಾನಲ್ವಾ? ಇದಕ್ಕೆ ಉತ್ತರ ಸಿಕ್ಕ ಮೇಲೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸ್ಕೊಳ್ತು.

ಚೈನು ಯಾವ ರಿಂಗನ್ನೂ ಪೂರ್ತಿ ಸುತ್ತಲ್ಲ, ಸುಮಾರು ಅರ್ಧ ಸುತ್ತು ಅಪ್ಪಿಕೊಂಡಿರತ್ತೆ. 50ರ ರಿಂಗಲ್ಲಿ 25 ಹಲ್ಲಿನ ಮೇಲೆ, 34ರ ರಿಂಗಲ್ಲಿ 17 ಹಲ್ಲಿನ ಮೇಲೆ. ಅಂದ್ರೆ 50ರಿಂದ 34ಕ್ಕೆ ಇಳಿಸಿದ ಕ್ಷಣ 8 ಹಲ್ಲಿನಷ್ಟು ಚೈನು ಸಡಿಲ ಆಯ್ತು. ಒಂದು ಹಲ್ಲಿಂದ ಇನ್ನೊಂದು ಹಲ್ಲಿಗೆ ಅರ್ಧ ಇಂಚು, 12.7 ಮಿಮೀ. ಹಾಗಾಗಿ 4 ಇಂಚು ಚೈನು ಈಗ ಕೆಲಸ ಇಲ್ಲದೆ ಜೋತಾಡ್ತಿದೆ. ಹಿಂದೆಯೂ ಅದೇ ಕಥೆ, 34ರಿಂದ 11ಕ್ಕೆ ಹೋದ್ರೆ 23ರಲ್ಲಿ ಅರ್ಧ, ಹನ್ನೊಂದೂವರೆ ಹಲ್ಲು, 5.75 ಇಂಚು. ಚೈನು ಒಂದೇ ಇರೋದ್ರಿಂದ ಮುಂದೆ ಬಿಟ್ಟ ಸಡಿಲ, ಹಿಂದೆ ಬಿಟ್ಟ ಸಡಿಲ ಎರಡೂ ಬಂದು ಸೇರೋದು ಒಂದೇ ಕಡೆ, ಕೆಳಗಿನ ಆರ್‌ಡಿ ಕೇಜಿಗೆ. ಒಟ್ಟು 9.75 ಇಂಚು, ಸುಮಾರು 248 ಮಿಮೀ ಚೈನನ್ನ ಕೇಜು ಹಿಂದಕ್ಕೆ ತಿರುಗಿ ಎಳ್ಕೋಬೇಕು. ಕೂಡಿಸೋದು ಅದಕ್ಕೇ. ಎಸ್‌ಎಸ್‌ನ ಗಿಡ್ಡ ಕೇಜು 35 ಹಲ್ಲಿನ ಲೆಕ್ಕಕ್ಕೆ 222 ಮಿಮೀವರೆಗೆ ಎಳ್ಕೊಳತ್ತೆ, ಜಿಎಸ್ 248ವರೆಗೆ. ಎರಡರ ನಡುವಿನ ವ್ಯತ್ಯಾಸ ಬರೀ ಒಂದು ಇಂಚು ಚೈನು!

ನನ್ನ ಮೆಚ್ಚಿನ ಶಾರ್ಟ್‌ಕಟ್: ಮೊತ್ತ ನೋಡಿ

ಸೂತ್ರ 'ಆಗತ್ತೆ' ಅಥವಾ 'ಆಗಲ್ಲ' ಅಂತ ಅಷ್ಟೇ ಹೇಳತ್ತೆ, ಯಾವ ಗೇರಲ್ಲಿ ತೊಂದ್ರೆ ಬರತ್ತೆ ಅಂತ ಹೇಳಲ್ಲ. ಅದಕ್ಕೆ ಹೀಗೆ ಮಾಡಿ. ಅತಿ ದೊಡ್ಡ ಮುಂದಿನ ರಿಂಗ್, ಅತಿ ದೊಡ್ಡ ಹಿಂದಿನ ಹಲ್ಲು ಕೂಡಿಸಿ, ಅದರಿಂದ ಕೆಪಾಸಿಟಿ ಕಳೀರಿ. ಬಂದ ನಂಬರಿಗಿಂತ ಯಾವ ಜೋಡಿಯ ಮೊತ್ತ ಕಡಿಮೆನೋ ಆ ಜೋಡಿಯಲ್ಲಿ ಚೈನು ಸಡಿಲ ಬೀಳತ್ತೆ.

ಎಸ್‌ಎಸ್‌ಗೆ 11-32 ಹಾಕಿದ್ರಿ ಅಂದ್ಕೊಳ್ಳಿ. 50 + 32 = 82, ಅದರಲ್ಲಿ 35 ಹೋದ್ರೆ 47. ಆ ಕ್ಯಾಸೆಟ್ಟಿನ ಹಲ್ಲುಗಳು 11, 12, 13, 14, 16, 18, 20, 22, 25, 28, 32. ಮುಂದೆ 34 ಇದ್ದಾಗ 34 + 11 = 45, ಸಡಿಲ. 34 + 12 = 46, ಸಡಿಲ. 34 + 13 = 47, ಸರಿ. 50ರ ರಿಂಗಲ್ಲಿ ಯಾವ ತೊಂದ್ರೆನೂ ಇಲ್ಲ. ಮುಂದೆ ಚಿಕ್ಕದು, ಹಿಂದೆ ಅತಿ ಚಿಕ್ಕದು ಅನ್ನೋ ಜೋಡಿನ ಯಾರೂ ಬಳಸಬಾರದು, ಚೈನು ಅಡ್ಡಡ್ಡ ಓಡತ್ತೆ. ಅಂದ್ರೆ ಕೆಪಾಸಿಟಿ ಎರಡು ಹಲ್ಲು ಮೀರಿದ್ರೂ ಕಳ್ಕೊಳ್ಳೋದು ಬೇಡದ ಗೇರುಗಳನ್ನ ಮಾತ್ರ. ಕೆಪಾಸಿಟಿ ಮೀರಿದ ಸೆಟಪ್ ಕೆಲವರಿಗೆ 'ಏನೂ ಆಗಲ್ಲ' ಅನ್ಸೋದು ಇದಕ್ಕೇ.

ಆದ್ರೆ ಅದು ಸುರಕ್ಷಿತ ಆಗೋದು ಚೈನು ದೊಡ್ಡ-ದೊಡ್ಡ ಜೋಡಿಗೆ (ಮುಂದೆಯೂ ಹಿಂದೆಯೂ ಅತಿ ದೊಡ್ಡದು) ಸಾಕಾಗೋಷ್ಟು ಉದ್ದ ಇದ್ರೆ ಮಾತ್ರ. ಕಾರ್ಬನ್ ಬೈಕಿನೋರು ಇಲ್ಲಿ ಎಚ್ಚರ ಇರಬೇಕು. ಹಳೆ 11-28ರ ಚೈನನ್ನೇ ಇಟ್ಕೊಂಡು 11-34 ಹಾಕಿದ್ರೆ 6 ಹಲ್ಲು ಜಾಸ್ತಿ, ಅರ್ಧ ಅಂದ್ರೆ 3 ಹಲ್ಲಿನಷ್ಟು, 38 ಮಿಮೀ ಚೈನು ಜಾಸ್ತಿ ಬೇಕು. ಇಲ್ಲದಿದ್ರೆ ಏರಲ್ಲಿ ಸುಸ್ತಾಗಿ ಮುಂದೆ 50ರಲ್ಲಿದೀವಿ ಅನ್ನೋದು ಮರೆತು ಹಿಂದೆ 34ಕ್ಕೆ ಹಾಕಿದ ಕೂಡಲೇ ಚೈನು ಬಿಗಿದು ಆರ್‌ಡಿ ಮುಂದಕ್ಕೆ ಎಳೆದು ಹ್ಯಾಂಗರ್ ಮುರಿಯತ್ತೆ. ಹ್ಯಾಂಗರ್ ಅಲ್ಯೂಮಿನಿಯಂ, ಬೇರೆ ಸಿಗತ್ತೆ. ಆದ್ರೆ ಆರ್‌ಡಿ ಹೋಗಿ ಸ್ಪೋಕಿಗೆ ಸಿಕ್ಕಾಕೊಂಡು ತಿರುಗಿದ್ರೆ ಏಟು ಬೀಳೋದು ಕಾರ್ಬನ್ ಚೈನ್ ಸ್ಟೇಗೆ. ಚೈನು ಸಡಿಲ ಇದ್ರೆ ಶಬ್ದ ಮಾಡತ್ತೆ, ಗಿಡ್ಡ ಇದ್ರೆ ಫ್ರೇಮ್ ತಿನ್ನತ್ತೆ. ಯಾವಾಗ್ಲೂ ಉದ್ದದ ಕಡೆಗೇ ಇರಿ.

ಅಳೆಯೋ ಕ್ರಮ: ಹೊಸ ಚೈನನ್ನ ಆರ್‌ಡಿ ಒಳಗೆ ತೂರಿಸದೆ, ಮುಂದೆ ದೊಡ್ಡ ರಿಂಗ್, ಹಿಂದೆ ದೊಡ್ಡ ಹಲ್ಲಿನ ಮೇಲೆ ನೇರ ಸುತ್ತಿ ಬಿಗಿಯಾಗಿ ಹಿಡೀರಿ, ತುದಿ ಸೇರೋ ಜಾಗದಿಂದ ಇನ್ನೊಂದು ಇಂಚು, ಅಂದ್ರೆ ಒಂದು ಒಳಗಿನ ಕೊಂಡಿ ಒಂದು ಹೊರಗಿನ ಕೊಂಡಿ, ಸೇರಿಸಿ ಕತ್ತರಿಸಿ. ಹಳೆ ಚೈನಿನ ಪಕ್ಕ ಇಟ್ಟು ಅಷ್ಟೇ ಉದ್ದಕ್ಕೆ ಕತ್ತರಿಸೋದು ಕ್ಯಾಸೆಟ್ ಬದಲಾಗದಿದ್ದಾಗ ಮಾತ್ರ ಸರಿ.

ಯಾವುದು ತಗೊಳ್ಳೋದು

ಎಸ್‌ಎಸ್ ಇದ್ದು ಖರ್ಚು ಬೇಡ ಅಂದ್ರೆ 11-30, ಸ್ಪೆಕ್ ಒಳಗೇ ಇದೆ, ಕ್ಯಾಸೆಟ್ಟಷ್ಟೇ ಬದಲು, ಚೈನಿನ ಉದ್ದ ಒಮ್ಮೆ ದೊಡ್ಡ-ದೊಡ್ಡದಲ್ಲಿ ನೋಡ್ಕೊಂಡ್ರೆ ಸಾಕು. ಬೆಟ್ಟನೇ ಮುಖ್ಯ ಅಂದ್ರೆ ಜಿಎಸ್ ಆರ್‌ಡಿ, 11-34, ಹೊಸ ಚೈನು, ನಾನು ಹೋಗಿದ್ದು ಈ ದಾರಿ. ಇದರಲ್ಲಿ ಕೊಡೋ ಬೆಲೆ ಬಯಲಲ್ಲಿ ಗೊತ್ತಾಗತ್ತೆ. 11-34ರಲ್ಲಿ 15 ಆದ್ಮೇಲೆ ಸೀದಾ 17, ಮಧ್ಯ 16 ಇಲ್ಲ. 50ರ ರಿಂಗಲ್ಲಿ 90 ಕೇಡೆನ್ಸ್‌ಗೆ (ನಿಮಿಷಕ್ಕೆ 90 ಸುತ್ತು ತುಳಿದ್ರೆ) 15 ಅಂದ್ರೆ ಗಂಟೆಗೆ 38 ಕಿಮೀ, 17 ಅಂದ್ರೆ 33. ದೇವನಹಳ್ಳಿ ಕಡೆ ಎದುರುಗಾಳಿಯಲ್ಲಿ ಗುಂಪಿನ ಹಿಂದೆ 35ರಲ್ಲಿ ಹೋಗೋವಾಗ ಆ 16 ಬೇಕು ಅನ್ಸತ್ತೆ. ಆದ್ರೂ ಮಂಡಿ ಮುಖ್ಯ.

11-34ರ ಜೊತೆ ಒಂದು ಚಿಕ್ಕ ಬಳೆ ಬರತ್ತೆ, 1.85 ಮಿಮೀ ಸ್ಪೇಸರ್. ಶಿಮಾನೊ ಎಚ್‌ಜಿ700, ಎಚ್‌ಜಿ800 11-34 ಕ್ಯಾಸೆಟ್‌ಗಳು ಹಳೆ 10 ಸ್ಪೀಡ್ ಅಗಲದ ಹಬ್ಬಿಗೂ (ಚಕ್ರದ ನಡುವೆ ಕ್ಯಾಸೆಟ್ ಕೂರೋ ಭಾಗ) ಕೂರೋ ಹಾಗೆ ಮಾಡಿರೋವು, 11 ಸ್ಪೀಡ್ ರೋಡ್ ಹಬ್ಬು ಅದಕ್ಕಿಂತ ಅಷ್ಟು ಅಗಲ. ಸ್ಪೇಸರನ್ನ ಮೊದಲು ಹಾಕಿ ಆಮೇಲೆ ಕ್ಯಾಸೆಟ್. ಬಿಟ್ರೆ ಲಾಕ್‌ರಿಂಗ್ ಎಷ್ಟು ತಿರುಗಿಸಿದ್ರೂ ಕ್ಯಾಸೆಟ್ ಅಲ್ಲಾಡ್ತಾನೇ ಇರತ್ತೆ.

ಟಾರ್ಕ್

ಕ್ಯಾಸೆಟ್ ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್, ಜೋರಾಗೇ ಬಿಗೀಬೇಕು. ಅದೇ ಕೈಯಲ್ಲಿ ಸೀಟ್ ಪೋಸ್ಟ್ ಕ್ಲಾಂಪಿಗೆ ಹೋಗಬೇಡಿ, ಅಲ್ಲಿ ಸಾಮಾನ್ಯವಾಗಿ 5ರ ಆಸುಪಾಸು, ಸ್ಟೆಮ್ ಮೇಲೂ ಎಷ್ಟು ಅಂತ ಬರೆದಿರತ್ತೆ. ಟಾರ್ಕ್ ರೆಂಚ್ ಇಲ್ಲದೆ ಕಾರ್ಬನ್ ಮುಟ್ಟಲೇಬೇಡಿ ಅಂತ ಕೈಮುಗಿದು ಹೇಳ್ತೀನಿ. ಸೀಟ್ ಪೋಸ್ಟ್ ಜಾರ್ತಿದ್ರೆ ಇನ್ನೂ ಬಿಗಿ ಮಾಡೋದಲ್ಲ, ಗ್ರೀಸ್ ಇದ್ರೆ ಒರೆಸಿ ಕಾರ್ಬನ್ ಪೇಸ್ಟ್ ಹಚ್ಚಿ. ಅದರಲ್ಲಿರೋ ಸಣ್ಣ ಕಣಗಳೇ ಹಿಡಿತ ಕೊಡತ್ತೆ, 5ರಲ್ಲೇ ನಿಲ್ಲತ್ತೆ.

ಟೈರು, ವೀಲು

ಆರ್7000 ರಿಮ್ ಬ್ರೇಕಿನ ಸ್ಪೆಕ್ ಪ್ರಕಾರ 28 ಮಿಮೀ ಟೈರ್‌ವರೆಗೆ ಆಗತ್ತೆ, ಫ್ರೇಮಲ್ಲಿ ಜಾಗ ಇದ್ಯಾ ಅಂತ ಬೇರೆ ನೋಡ್ಬೇಕು. ಜಾಗ ಇದ್ರೆ 28 ಹಾಕಿ, ಗಾಳಿ ಕಡಿಮೆ ಇಡಿ, ನಮ್ಮ ರಸ್ತೆಗೆ ಇದಕ್ಕಿಂತ ಒಳ್ಳೆ ಅಪ್‌ಗ್ರೇಡ್ ಆ ದುಡ್ಡಿಗೆ ಇಲ್ಲ.

ಕಾರ್ಬನ್ ರಿಮ್ ಆಸೆ ಇದ್ರೆ ನಂದಿ ಇಳಿಯೋದನ್ನ ಯೋಚಿಸಿ. ರಿಮ್ ಬ್ರೇಕಲ್ಲಿ ಬಿಸಿ ಹುಟ್ಟೋದು ರಿಮ್ ಮೇಲೇ, ಕಾರ್ಬನ್ ಆ ಬಿಸಿನ ಅಲ್ಯೂಮಿನಿಯಂ ಥರ ಬೇಗ ಬಿಟ್ಟುಕೊಡಲ್ಲ, ಉದ್ದ ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡೇ ಬಂದ್ರೆ ಒಳಗಿನ ರೆಸಿನ್ ಮೆತ್ತಗಾಗಿ ರಿಮ್ ಊದಿಕೊಳ್ಳಬಹುದು. ಟಿಪಿಯು ಅನ್ನೋ ಪ್ಲಾಸ್ಟಿಕ್ಕಿನ ಒಳ ಟ್ಯೂಬ್ ಹಗುರ ಅಂತ ತರೋರು ಪ್ಯಾಕೆಟ್ ಮೇಲೆ ರಿಮ್ ಬ್ರೇಕಿಗೆ ಆಗತ್ತಾ ಅಂತ ಓದಿ, ಕೆಲವಕ್ಕೆ ಆಗಲ್ಲ, ಕಾರಣ ಅದೇ ಬಿಸಿ. ನಾನು ಅಲ್ಯೂಮಿನಿಯಂ ರಿಮ್ಮಲ್ಲೇ ಇದೀನಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ, ಸವರ್ತಾ ಇಳೀಬೇಡಿ. ಮಳೆಯಲ್ಲಿ ಓಡಿಸಿ ಬಂದ ಮೇಲೆ ಬ್ರೇಕ್ ಪ್ಯಾಡ್ ತೆಗೆದು ನೋಡಿ, ಒಳಗೆ ಹೊಳೆಯೋ ಅಲ್ಯೂಮಿನಿಯಂ ಚೂರು ಸಿಕ್ಕಿದ್ರೆ ಸೂಜಿಯಲ್ಲಿ ಕಿತ್ತು, ಪ್ಯಾಡಿನ ಮುಖ ಸ್ಯಾಂಡ್ ಪೇಪರಲ್ಲಿ ಉಜ್ಜಿ ಮತ್ತೆ ಹಾಕಿ.